ಸಹಿ ಅಕ್ಕನ ಹದಿನಾಲ್ಕು ಸೆಕೆಂಡು

ಬೆಳಗಿನ ಐದೂವರೆ. ಬಸ್ ಡಿಪೊ ಎದುರಿನ ರಸ್ತೆಯಲ್ಲಿ ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಪಕ್ಕ ಮೂರು ಕಾಲಿನ ಸ್ಟ್ಯಾಂಡು ಊರಿ, ಅದರ ಮೇಲೆ ಹಳೆಯ ಕ್ಯಾಮೆರಾ ಕೂರಿಸಿ, ಐವತ್ತಮೂರು ವರ್ಷದ ಹೆಂಗಸೊಬ್ಬರು ಉಸಿರು ಬಿಗಿಹಿಡಿದು ನಿಂತಿದ್ದಾರೆ. ಇನ್ನು ಎರಡೋ ಮೂರೋ ನಿಮಿಷಕ್ಕೆ ಈ ಸಾಲಿನ ದೀಪಗಳೆಲ್ಲ ಒಟ್ಟಿಗೆ ಆರುತ್ತವೆ. ಆರುವ ಆ ಒಂದು ಗಳಿಗೆ ಅವರಿಗೆ ಬೇಕು. ನಿನ್ನೆ ಸರಿಯಾಗಿ ಆ ಹೊತ್ತಿಗೇ ಲಾರಿ ಅಡ್ಡ ಬಂತು. ಮೊನ್ನೆ ನಾಯಿಯೊಂದು ಬಂದು ಸ್ಟ್ಯಾಂಡಿನ ಕಾಲಿಗೆ ಮೈ ಉಜ್ಜಿಕೊಂಡು ನಿಂತಿತು.

ಇವತ್ತು ದೀಪ ಆರುವುದಕ್ಕೂ, ಬೀದಿ ಗುಡಿಸುವ ಹೆಂಗಸೊಬ್ಬಳು ಪೊರಕೆ ಹೆಗಲಿಗೇರಿಸಿಕೊಂಡು ರಸ್ತೆ ದಾಟುವುದಕ್ಕೂ ಸರಿಹೋಗುತ್ತದೆ. ಕ್ಯಾಮೆರಾದ ಹಿಂದಿನ ಮುಖ ಅರಳುತ್ತದೆ. ಇಪ್ಪತ್ತು ಸೆಕೆಂಡು ಬಿಟ್ಟು ಗುಂಡಿ ಒತ್ತಿ ನಿಲ್ಲಿಸಿ, ಚೀಲದಿಂದ ಒಂದು ಹಾಳೆ, ಒಂದು ಪೆನ್ನು ಹಿರಿದು, ಆಕೆಯ ಹಿಂದೆ ಓಡುತ್ತಾರೆ.

"ಅಮ್ಮಾ, ಒಂದು ನಿಮಿಷ. ಇಲ್ಲೊಂದು ಸಹಿ ಹಾಕ್ತೀರಾ?"

"ಯಾತಕ್ಕೆ? ನಾನೇನು ತಪ್ಪು ಮಾಡಿದೆ?"

"ತಪ್ಪಲ್ಲ. ನೀವು ನಡ್ಕೊಂಡು ಹೋಗಿದ್ದು ಚೆನ್ನಾಗಿ ಬಂದಿದೆ. ಅದನ್ನ ಬೇರೆಯವರು ಬಳಸ್ಬಹುದು ಅಂತ ನಿಮ್ಮ ಒಪ್ಪಿಗೆ ಬೇಕು."

"ನಾನು ನಡೆಯೋದನ್ನ ಯಾರು ನೋಡ್ತಾರೆ, ಬಿಡಿ."

ಪುಟ್ಟ ಪರದೆಯ ಮೇಲೆ ಅದನ್ನೇ ತೋರಿಸಿದಾಗ ಆಕೆ ಪೊರಕೆ ಕೆಳಗಿಟ್ಟು ಹತ್ತಿರ ಬರುತ್ತಾಳೆ. ಎರಡು ಸಲ ನೋಡಿ, "ಇಷ್ಟು ಬಗ್ಗಿದೀನಾ ನಾನು?" ಎನ್ನುತ್ತಾಳೆ. ಆಮೇಲೆ ಸಹಿ ಹಾಕಿ, ಒಪ್ಪಿಗೆಗೆಂದು ಕೊಟ್ಟ ಹಣ ಸೆರಗಿಗೆ ಕಟ್ಟಿಕೊಂಡು, ನಗುತ್ತ ಹೋಗುತ್ತಾಳೆ.

ಹೀಗೆ ಕಂಡಕಂಡವರ ಬಳಿ ಸಹಿ ಕೇಳುವುದರಿಂದಲೇ ಸುತ್ತಲ ಬೀದಿಗಳಲ್ಲಿ ಇವರಿಗೆ 'ಸಹಿ ಅಕ್ಕ' ಎಂಬ ಹೆಸರು. ಚಂದಾ ಎತ್ತುವವರು ಎಂದು ತಪ್ಪಿಸಿಕೊಂಡವರಿದ್ದಾರೆ, ಪೊಲೀಸಿನವರು ಎಂದು ಓಡಿದವರಿದ್ದಾರೆ. ಆರು ವರ್ಷದಲ್ಲಿ ಎಂಟುನೂರ ಚಿಲ್ಲರೆ ಸಹಿ ಕೂಡಿದೆ. ಸಹಿ ಮಾಡಿದವರಲ್ಲಿ ಮನೆಗೆ ಬಂದು ಕೂತು ಮಾತಾಡಿದವರು ಒಬ್ಬರೂ ಇಲ್ಲ.

ಅವರದ್ದು ಇಂಥದೇ ಎಂದು ಹೆಸರಿಟ್ಟು ಹೇಳಲು ಬಾರದ ಕೆಲಸ. ಸಿನಿಮಾ ಮಾಡುವುದಿಲ್ಲ, ಸುದ್ದಿಗೆ ಹೋಗುವುದಿಲ್ಲ. ಯಾವುದೋ ದೇಶದಲ್ಲಿ ಯಾರೋ ಜಾಹೀರಾತು ಮಾಡುತ್ತಿರುತ್ತಾರೆ, ಕಿಟಕಿ ಗಾಜಿನ ಮೇಲೆ ಹಬೆ ಕೂರುವ ಐದು ಸೆಕೆಂಡು ಬೇಕಾಗುತ್ತದೆ. ಅದಕ್ಕಾಗಿ ಇಡೀ ತಂಡ ಕಟ್ಟಿಕೊಂಡು ಹೋಗಿ ಹಿಡಿಯುವುದಕ್ಕಿಂತ, ಯಾರೋ ಮೊದಲೇ ಹಿಡಿದಿಟ್ಟದ್ದನ್ನು ಹಣ ಕೊಟ್ಟು ಬಳಸುವುದು ಸುಲಭ. ಸಹಿ ಅಕ್ಕ ಆ 'ಯಾರೋ'. ದಿನಕ್ಕೆ ನಲವತ್ತು ಸಲ ಗುಂಡಿ ಒತ್ತಿದರೆ ಒಂದೋ ಎರಡೋ ತುಣುಕು ಉಳಿಯುತ್ತವೆ. ಈವರೆಗೆ ಎರಡು ಸಾವಿರದ ಮುನ್ನೂರು ತುಣುಕು ಮಾರಾಟಕ್ಕಿವೆ. ಅವುಗಳಲ್ಲಿ ಸಾವಿರದ ಒಂಬೈನೂರನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.

"ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳ ಹಾಗೆ ಸಾಲಾಗಿ ಕೂತಿವೆ" ಎನ್ನುತ್ತಾರೆ. "ನನ್ನ ಹಾಗೇನೇ. ನನ್ನನ್ನೂ ಯಾರೂ ಕೇಳ್ಲಿಲ್ಲ."

ನಕ್ಕು ಹೇಳುತ್ತಾರೆ. ನಕ್ಕದ್ದು ಅವರೊಬ್ಬರೇ ಎಂದು ಗೊತ್ತಾದ ಮೇಲೆ ಲೆನ್ಸು ಒರೆಸುತ್ತ ಕೂರುತ್ತಾರೆ.

ಮೂರನೆಯ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆ ಅವರದ್ದು. ಮೊದಲು ಅಲ್ಲಿ ಇಬ್ಬರಿದ್ದರು, ಅಣ್ಣ ಮತ್ತು ತಂಗಿ. ಅಣ್ಣ ಮದುವೆಗಳ ವಿಡಿಯೊ ಹಿಡಿಯುತ್ತಿದ್ದ. ತಂಗಿ ದೊಡ್ಡ ಲೈಟು ಎತ್ತಿಕೊಂಡು ಅವನ ಬೆನ್ನಿಗೇ ನಡೆಯುತ್ತಿದ್ದರು. ಹೀಗೆ ಇಪ್ಪತ್ತೆರಡು ವರ್ಷ. ಊರವರನ್ನೆಲ್ಲ ಜೋಡಿ ಮಾಡಿ ಪರದೆಯ ಮೇಲೆ ನಿಲ್ಲಿಸಿದ ಇಬ್ಬರಿಗೂ ಮದುವೆಯಾಗಲಿಲ್ಲ. ಮೊದಲು ಅಣ್ಣನಿಗೆ ಪುರುಸೊತ್ತಿರಲಿಲ್ಲ, ಆಮೇಲೆ ವಯಸ್ಸಿರಲಿಲ್ಲ. ತಂಗಿಯ ಮದುವೆಯ ಮಾತನ್ನು ಮನೆಯಲ್ಲಿ ಎತ್ತಬೇಕಾದವರು ಬೇಗನೆ ತೀರಿಕೊಂಡರು.

ಆರೂವರೆ ವರ್ಷದ ಹಿಂದೆ ಒಂದು ಮಧ್ಯಾಹ್ನ ಅಣ್ಣ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತ, ಮತ್ತೆ ಏಳಲಿಲ್ಲ. ತಿಂಗಳು ಕಳೆದು, ಗೊತ್ತಿದ್ದ ಮನೆಗಳಿಗೆಲ್ಲ ತಂಗಿ ಫೋನು ಮಾಡಿದರು. "ಲೈಟು ಹಿಡಿಯೋಕೆ ಬರ್ತೀಯಾ ಅಂದ್ರು. ಕ್ಯಾಮೆರಾ ನಾನೇ ಹಿಡೀತೀನಿ ಅಂದೆ. ಆಮೇಲೆ ಹೇಳ್ತೀವಿ ಅಂದ್ರು. ಆ ಆಮೇಲೆ ಇನ್ನೂ ಬಂದಿಲ್ಲ."

ಕೈ ಕಟ್ಟಿ ಕೂರಲಾರದೆ ಕ್ಯಾಮೆರಾ ಎತ್ತಿಕೊಂಡು ಬೀದಿಗಿಳಿದರು. ಕಂಡದ್ದನ್ನು ಹಿಡಿದರು, ಹಿಡಿದದ್ದನ್ನು ಅಗ್ಗದ ಒಂದು ವೆಬ್‌ಸೈಟಿಗೆ ಏರಿಸಿದರು. ಮೊದಲು ಮಾರಾಟವಾದದ್ದು, ಅಲಾರಂ ನಿಲ್ಲಿಸುವ ಒಂದು ಕೈ. ಅವರದ್ದೇ ಕೈ. ಒಂದು ಲೋಟ ಚಹಾದ ದುಡ್ಡು ಬಂತು. ಎರಡು ತಿಂಗಳಾದ ಮೇಲೆ ಔಷಧಿ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ಗೋಡೆಯ ಟೀವಿಯಲ್ಲಿ ಅದೇ ಕೈ ಕಾಣಿಸಿತು. ದೊಡ್ಡ ಜಾಹೀರಾತು. ನಾಲ್ಕು ತಿಂಗಳು ದಿನಕ್ಕೆ ಇಪ್ಪತ್ತು ಸಲ ಓಡಿತು. ವೆಬ್‌ಸೈಟಿನವರಿಗೆ ಪತ್ರ ಬರೆದು ಕೇಳಿದರೆ, ಒಮ್ಮೆ ಕೊಂಡವರು ಎಷ್ಟು ಸಲ ಬೇಕಾದರೂ ಬಳಸಬಹುದೆಂದು ನೀವೇ ಒಪ್ಪಿದ್ದೀರಿ ಎಂಬ ಉತ್ತರ ಬಂತು.

"ಅವರದ್ದೇನೂ ತಪ್ಪಿಲ್ಲ. ಓದದೆ ಟಿಕ್ ಹಾಕಿದ್ದು ನಾನು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ, ಹಾಗೆ."

ಆಮೇಲೆ ಆ ಕರಾರಿನ ನಲವತ್ತು ಪುಟಗಳನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಹನ್ನೊಂದು ದಿನ ಓದಿದರು. ಮುಗಿದಾಗ ಅವರಿಗೆ ಉಳಿದದ್ದು ಒಂದೇ ತಿಳಿವಳಿಕೆ: ಮನೆ ಮಾರುವುದು ಬೇರೆ, ಬಾಡಿಗೆಗೆ ಕೊಡುವುದು ಬೇರೆ. ಅಂದಿನಿಂದ ಒಳ್ಳೆಯ ತುಣುಕುಗಳನ್ನು ತಾವೇ ಬಾಡಿಗೆಗೆ ಕೊಡುತ್ತಾರೆ. ಲೈಸೆನ್ಸ್ ಎಂದರೆ ಅದೇ. ಯಾರು ಕೇಳಿದರೂ ಮೊದಲು ಮೂರು ಪ್ರಶ್ನೆ ಹಾಕುತ್ತಾರೆ. ಎಲ್ಲಿ ತೋರಿಸ್ತೀರಿ? ಎಷ್ಟು ದಿನ? ನಿಮಗೊಬ್ಬರಿಗೇನಾ, ಬೇರೆಯವರಿಗೂ ಕೊಡಬಹುದಾ? ಶಾಲೆಯ ಪಾಠಕ್ಕೆ ಒಂದು ದರ, ಒಂದು ಊರಿನ ಟೀವಿಗೆ ಇನ್ನೊಂದು, ಜಗತ್ತಿಗೆಲ್ಲ ಎಂದರೆ ಮತ್ತೊಂದು. ತಮಗೊಬ್ಬರಿಗೇ ಬೇಕು ಎನ್ನುವವರು ಐದು ಪಟ್ಟು ಕೊಡಬೇಕು. "ಬೇರೆಯವರಿಗೆ ಬಾಗಿಲು ಹಾಕಿಸ್ತಾರಲ್ಲ, ಆ ಚಿಲಕದ ಬೆಲೆ ಅದು."

ಈ ಕಸುಬಿನಲ್ಲಿ ಅವರಿಗೆ ಅನ್ನ ಹಾಕುತ್ತಿರುವುದು ಮುಖ್ಯವಾಗಿ ಒಂದೇ ತುಣುಕು. ಹದಿನಾಲ್ಕು ಸೆಕೆಂಡಿನದು. ಮಂಜು ಕವಿದ ಸೇತುವೆಯ ಮೇಲೆ ಕೋಟು ತೊಟ್ಟ ಮನುಷ್ಯನೊಬ್ಬ ಕ್ಯಾಮೆರಾಕ್ಕೆ ಬೆನ್ನು ಮಾಡಿ ನಡೆದುಹೋಗುತ್ತಾನೆ. ಹದಿನಾಲ್ಕನೆಯ ಸೆಕೆಂಡಿಗೆ ಮಂಜಿನಲ್ಲಿ ಕರಗುತ್ತಾನೆ. ಅಷ್ಟೇ.

ಆ ಮನುಷ್ಯ ಅವರ ಅಣ್ಣ. ಈಗಿನ ಕ್ಯಾಮೆರಾವನ್ನು ಹಳೆಯ ಸಾಮಾನಿನವನ ಬಳಿ ಕೊಂಡ ಮರುದಿನ, ಪರೀಕ್ಷೆ ಮಾಡಲು ತಂಗಿಯನ್ನು ಸೇತುವೆಗೆ ಕರೆದುಕೊಂಡು ಹೋಗಿದ್ದ. ಅಷ್ಟು ವರ್ಷ ಲೋಕವನ್ನೆಲ್ಲ ಹಿಡಿದವನು ತಾನು ಎಲ್ಲಿಯೂ ಸಿಕ್ಕಿಹಾಕಿಕೊಂಡಿರಲಿಲ್ಲ. ಅವನು ಚಲಿಸುವ ಚಿತ್ರವೆಂದು ಉಳಿದಿರುವುದು ಅದೊಂದೇ. ಕಷ್ಟದ ದಿನಗಳಲ್ಲಿ, ಅದು ಎಂಥದ್ದೆಂದು ಪೂರ್ತಿ ಹೊಳೆಯುವ ಮೊದಲೇ, ತಂಗಿ ಅದನ್ನು ಮಾರಾಟಕ್ಕಿಟ್ಟರು. ತುಣುಕಿನಲ್ಲಿ ಕಾಣುವ ವ್ಯಕ್ತಿಯ ಒಪ್ಪಿಗೆ ಬೇಕು, ವ್ಯಕ್ತಿ ಇಲ್ಲದಿದ್ದರೆ ವಾರಸುದಾರರದ್ದು ಎಂದು ನಿಯಮವಿತ್ತು. ಅವನಿಗೆ ಇದ್ದವರು ಇವರೊಬ್ಬರೇ. ಚಿತ್ರ ಹಿಡಿದವರ ಜಾಗದಲ್ಲಿ ಒಂದು ಸಹಿ, ವಾರಸುದಾರರ ಜಾಗದಲ್ಲಿ ಇನ್ನೊಂದು. ಎರಡೂ ಒಂದೇ ಕೈಯದು.

ಈವರೆಗೆ ಇನ್ನೂರ ಹದಿನೇಳು ಸಲ ಆ ಬೆನ್ನು ಬಾಡಿಗೆಗೆ ಹೋಗಿದೆ. ಪಿಂಚಣಿಯ ಸುದ್ದಿಗೆ, ಸಿಗರೇಟು ಬಿಡಿ ಎನ್ನುವ ಪ್ರಕಟಣೆಗೆ, ಯಾವುದೋ ಭಾಷೆಯ ವಿರಹದ ಹಾಡಿಗೆ. "ಶೂ ಕಂಪನಿಯವರು ಕಾಲು ಮಾತ್ರ ಇಟ್ಕೊಂಡು ಮಿಕ್ಕಿದ್ದು ಕತ್ತರಿಸಿದ್ರು. ಅವತ್ತು ನಮ್ಮಣ್ಣ ಹಾಕಿದ್ದು ಅಟ್ಟೆ ಕಿತ್ತುಹೋದ ಶೂ! ಬದುಕಿದ್ದಿದ್ರೆ ಬಿದ್ದುಬಿದ್ದು ನಗ್ತಿದ್ದ."

ಕಳೆದ ವರ್ಷ ವಿಮೆ ಕಂಪನಿಯೊಂದರ ಪರವಾಗಿ ಜಾಹೀರಾತು ಮಾಡುವವರು ಫೋನು ಮಾಡಿದರು. ಬಾಡಿಗೆ ಬೇಡ, ತುಣುಕನ್ನೇ ಪೂರ್ತಿ ಕೊಡಿ. ಎಲ್ಲ ಹಕ್ಕೂ ನಮಗೆ, ಎಂದೆಂದಿಗೂ. ಬೇಕಾದ ಹಾಗೆ ಬದಲಿಸಿಕೊಳ್ಳುತ್ತೇವೆ, ಉಳಿದ ಕಡೆಯಿಂದೆಲ್ಲ ತೆಗೆಸಬೇಕು. ಅವರು ಹೇಳಿದ ಮೊತ್ತದಲ್ಲಿ ಈ ಮನೆಯ ನಾಲ್ಕು ವರ್ಷದ ಬಾಡಿಗೆ ಕಟ್ಟಬಹುದಿತ್ತು. ಅದೇ ತಿಂಗಳು ಮನೆಯೊಡತಿ ಬಾಡಿಗೆ ಏರಿಸಿದ್ದಳು. ತುಣುಕುಗಳನ್ನೆಲ್ಲ ತುಂಬಿಟ್ಟ ಎರಡು ಹಾರ್ಡ್ ಡಿಸ್ಕುಗಳಲ್ಲಿ ಒಂದು ಕಟಕಟ ಎನ್ನಲು ಶುರುಮಾಡಿತ್ತು.

ಭಾನುವಾರಕ್ಕೊಮ್ಮೆ ಫೋನು ಮಾಡುವ ಚಿಕ್ಕಮ್ಮನ ಮಗಳಿಗೆ ವಿಷಯ ಹೇಳಿದರು. ವಾರದಲ್ಲಿ ಬಿಡುವಿನ ಮಾತಿಗೆಂದು ಬರುವ ಫೋನು ಅದೊಂದೇ.

"ಬೆನ್ನು ತಾನೇ ಅಕ್ಕ? ಮುಖಾನೂ ಕಾಣಲ್ಲ. ಕೊಟ್ಟು ಕೈ ತೊಳ್ಕೋ."

"ನೋಡೋಣ ಕಣೇ."

"ಏನು ನೋಡೋದು? ಬಂದ ಭಾಗ್ಯಾನ ಕಾಲಲ್ಲಿ ಒದೀಬೇಡ."

ಕೊಡುವುದೆಂದೇ ಅಂದುಕೊಂಡರು. ಮೂರು ದಿನ ಸಮಯ ಕೇಳಿದ್ದರು, ಅಷ್ಟೇ. ಎರಡನೆಯ ದಿನ, ಇವರಿಗೆ ಸಂತೋಷವಾಗಲಿ ಎಂದು, ಆ ಕಡೆಯವರು ಒಂದು ಮಾದರಿ ಕಳಿಸಿದರು. ಕಂಪ್ಯೂಟರಿನಲ್ಲಿ ಮಾಡಿದ್ದು. ಅದೇ ಸೇತುವೆ, ಅದೇ ಮಂಜು, ಅದೇ ಕೋಟು. ಹನ್ನೊಂದನೆಯ ಸೆಕೆಂಡಿಗೆ ಆ ಮನುಷ್ಯ ನಿಲ್ಲುತ್ತಾನೆ. ನಿಧಾನವಾಗಿ ತಿರುಗುತ್ತಾನೆ. ಮುಗುಳುನಗುತ್ತಾನೆ.

ಇದನ್ನು ಹೇಳುವಾಗ ಸಹಿ ಅಕ್ಕ ತಾವೇ ಹೆಗಲು ತಿರುಗಿಸಿ ತೋರಿಸುತ್ತಾರೆ.

"ಹೆಗಲು ತಿರುಗ್ತಾ ಇದ್ದ ಹಾಗೆ ನಾನು ಕುರ್ಚಿಯಿಂದ ಮುಂದಕ್ಕೆ ಬಾಗಿದೆ. ಸುಳ್ಳು ಅಂತ ಗೊತ್ತು. ಆದ್ರೂ ಬಾಗಿದೆ. ಆಮೇಲೆ ಮುಖ ಬಂತು. ಯಾರೋ. ಚೆನ್ನಾಗಿದ್ದ, ಹಲ್ಲೆಲ್ಲ ಸರಿಯಾಗಿತ್ತು. ಯಾರೋ."

ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಕೆಳಗಿನ ಮನೆಯವರು ತರಕಾರಿ ಚೀಲ ಹಿಡಿದು ಹತ್ತಿ ಬಂದು, "ಕೀ ಮರೆತ್ರಾ?" ಎಂದು ಕೇಳಿದರು. ಹೂಂ ಎಂದರು.

ಮೂಲದ ತುಣುಕಿನಲ್ಲಿ ದನಿಯೂ ಇದೆ ಎಂಬುದು ಕೊಂಡವರಲ್ಲಿ ಯಾರಿಗೂ ಗೊತ್ತಿಲ್ಲ. ಮಾರಾಟಕ್ಕಿಡುವಾಗಲೇ ಅವರು ದನಿ ತೆಗೆದಿದ್ದರು. ಮಂಜಿನಲ್ಲಿ ಕಾಣದಾದ ಮೇಲೆ ಅಣ್ಣ ತಿರುಗುವುದಿಲ್ಲ. ಅಲ್ಲಿಂದಲೇ ಕೂಗಿ ಕೇಳುತ್ತಾನೆ: "ಸಾಕಾ?" ತಂಗಿ ಸಾಕು ಎನ್ನುತ್ತಾರೆ. "ಇನ್ನೂ ಸ್ವಲ್ಪ ಹೋಗು ಅನ್ನಬಹುದಿತ್ತು" ಎನ್ನುತ್ತಾರೆ ಈಗ. "ಚಳಿ ಆಗ್ತಿತ್ತು, ಸಾಕು ಅಂದ್ಬಿಟ್ಟೆ."

ಮೂರನೆಯ ದಿನ ಉತ್ತರ ಬರೆದರು. ಎರಡು ವರ್ಷಕ್ಕೆ, ವಿಮೆಯ ಕೆಲಸಕ್ಕೆ ಮಾತ್ರ, ಏನೂ ಬದಲಿಸದೆ ಬಳಸುವುದಾದರೆ ಇಷ್ಟು. ಜಾಹೀರಾತಿನ ಹೆಣ್ಣುಮಗಳು ತಾನೇ ಫೋನು ಮಾಡಿದಳು. ಒಳ್ಳೆಯವಳೇ.

"ಮೇಡಂ, ಜನಕ್ಕೆ ಸಮಾಧಾನ ಆಗ್ಲಿ ಅಂತ ತಿರುಗಿಸಿದ್ದು. ಹೋದವರು ನಮ್ಮನ್ನ ನೋಡ್ತಾ ಇರ್ತಾರೆ ಅನ್ನೋ ಭಾವನೆ."

"ಗೊತ್ತಾಯ್ತಮ್ಮ. ಆದ್ರೆ ಅವನು ತಿರುಗ್ಲಿಲ್ಲ."

ಒಂಬತ್ತು ದಿನದ ಮೇಲೆ ಎರಡು ಸಾಲಿನ ಮೇಲ್ ಬಂತು. ಬೇರೆ ತುಣುಕು ಸಿಕ್ಕಿದೆ, ಧನ್ಯವಾದ. ಆ ತಿಂಗಳು ಒಟ್ಟು ಮಾರಾಟ ನಾಲ್ಕು. ಚಿಕ್ಕಮ್ಮನ ಮಗಳು ಮುನಿಸಿಕೊಂಡು ಎರಡು ಭಾನುವಾರ ಫೋನು ಮಾಡಲಿಲ್ಲ. ಆ ಎರಡು ವಾರ ಬೀದಿಯಲ್ಲಿ ಸಹಿ ಕೇಳಿದ ಮಾತು ಬಿಟ್ಟರೆ ಬಾಯಿ ತೆರೆದದ್ದು ಕಡಿಮೆ. ಡಿಸ್ಕು ಕೊನೆಗೂ ಕೈಕೊಟ್ಟಿತು. ಇನ್ನೊಂದರಲ್ಲಿ ಎಲ್ಲವೂ ಇದ್ದುದರಿಂದ ಬಚಾವಾದರು. ಹೊಸದು ಕೊಳ್ಳಲು ಅಣ್ಣನ ದೊಡ್ಡ ಲೈಟು ಮಾರಿದರು. ಅವರ ಕರಾರಿನಲ್ಲಿ ಈಗ ಹೊಸ ಸಾಲೊಂದು ಸೇರಿದೆ: ಚಿತ್ರದಲ್ಲಿರುವ ವ್ಯಕ್ತಿಯ ಮುಖ, ನಡಿಗೆ, ದಿಕ್ಕು ಬದಲಿಸುವಂತಿಲ್ಲ. ಆ ಸಾಲು ಓದಿ ಹಿಂದೆ ಸರಿದವರು ಈವರೆಗೆ ಮೂವರು.

ಎಲ್ಲವೂ ಸೋಲೇ ಅಲ್ಲ. ಈಚೆಗೆ ಆಸ್ಪತ್ರೆಯೊಂದರವರು ಕಾಯುವ ಕೋಣೆಯ ಖಾಲಿ ಕುರ್ಚಿಗಳ ತುಣುಕು ಕೇಳಿದರು. ಇವರು ತಮ್ಮ ಮೊದಲಿನ ದರದ ಮೂರು ಪಟ್ಟು ಹೇಳಿ ಸುಮ್ಮನಾದರು. ಆ ಕಡೆಯವರೂ ಸುಮ್ಮನಾದರು. ಮೊದಲಾಗಿದ್ದರೆ ಆ ಮೌನಕ್ಕೆ ಹೆದರಿ ಇವರೇ, ಬೇಕಾದರೆ ಕಡಿಮೆ ಮಾಡ್ತೀನಿ ಎಂದು ಬಿಡುತ್ತಿದ್ದರು. "ಬೆಲೆ ಹೇಳೋದು ಕಷ್ಟ ಅಲ್ಲ. ಹೇಳಿದ ಮೇಲೆ ಬಾಯಿ ಮುಚ್ಕೊಂಡಿರೋದು ಕಷ್ಟ. ಅದರಲ್ಲಿ ಈಗ ನನ್ನನ್ನ ಯಾರೂ ಗೆಲ್ಲೋಕಾಗಲ್ಲ. ಮನೇಲಿ ದಿನಾ ಅಭ್ಯಾಸ ಇದೆಯಲ್ಲ." ಆಸ್ಪತ್ರೆಯವರು ಒಪ್ಪಿದರು.

ಬಿಸಿಲು ಮೆಲ್ಲಗೆ ಏರುತ್ತಿದೆ. ಡಿಪೊದಿಂದ ಬಸ್ಸುಗಳು ಒಂದೊಂದಾಗಿ ಹೊರಡುತ್ತಿವೆ. ಸ್ಟ್ಯಾಂಡು ಮಡಚಿ ಚೀಲಕ್ಕೆ ಸೇರಿಸುತ್ತಿರುವವರನ್ನು, ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ದೊಡ್ಡದೇನಿಲ್ಲ ಎಂದು ತಲೆಯಾಡಿಸುತ್ತಾರೆ. ಚೀಲದ ಜಿಪ್ಪು ಎಳೆದು ಮುಗಿಸಿದ ಮೇಲೆ ಹೇಳುತ್ತಾರೆ.

"ನನ್ನದೂ ಒಂದು ತುಣುಕು ಇರ್ಬೇಕು ಅಂತ. ಮಾರೋಕಲ್ಲ, ಸುಮ್ಮನೆ."

ಸ್ಟ್ಯಾಂಡಿನ ಮೇಲಿಟ್ಟು ತಾವೇ ಹಿಡಿದುಕೊಳ್ಳಬಹುದಲ್ಲ?

"ಹಿಡ್ಕೋಬಹುದು. ಆದ್ರೆ ಬೇರೆ ಯಾರಾದ್ರೂ ಹಿಡಿದ್ರೆ, ನಡ್ಕೊಂಡು ಬರುವಾಗ ನೋಡೋಕೆ ಎದುರಿಗೆ ಒಬ್ಬರು ಇರ್ತಾರಲ್ಲ."