ಸೊರಬಕ್ಕೆ ವಿಮಾನ

ಅಕ್ಕನನ್ನು ಆಸ್ಪತ್ರೆಯವರು ನಿನ್ನೆ ಮನೆಗೆ ಕಳಿಸಿದರು. ಗುಣವಾಯಿತೆಂದು ಅಲ್ಲ, 'ನೋಡೋರು ಬಂದು ನೋಡ್ಕೊಂಡು ಹೋಗ್ಲಿ' ಎಂದು. ಅವಳ ಮಗ ಜಮ್ಮುವಿನಲ್ಲಿ ಮಿಲಿಟರಿಯಲ್ಲಿದ್ದಾನೆ. ಅಲ್ಲಿಂದ ವಿಮಾನಕ್ಕೆ ಎಷ್ಟು ಹೊತ್ತು ಬೇಕೆಂದು ಮೊಬೈಲಿನಲ್ಲಿ ಹುಡುಕಲು ಕೂತೆ. ನನ್ನ ದಪ್ಪ ಬೆರಳು ಎಲ್ಲಿ ತಾಗಿತೋ, ಅದು ನಮ್ಮ ಶಿಕಾರಿಪುರದಿಂದ ಪಕ್ಕದ ಸೊರಬಕ್ಕೆ ವಿಮಾನದ ಲೆಕ್ಕ ತೋರಿಸಿತು. ಹಾರಲು ಕೆಲವೇ ನಿಮಿಷವಂತೆ! ನೀವೇ ಹೇಳಿ, ಈ ಎರಡು ಊರಿನಲ್ಲೂ ಮೇಲಿಂದ ಇಳಿಯುವುದು ಹದ್ದು ಮಾತ್ರ. ನನ್ನ ಸೊಂಟಕ್ಕೆ ಬೆಲ್ಟು ಬಿಗಿಯುವುದರೊಳಗೆ ಸೊರಬ ದಾಟಿಹೋಗಿರುತ್ತದೆ. ನಗು ಬಂತು, ಬಂದ ಹಾಗೇ ನಿಂತಿತು. ಜೈಬುನ್‌ಬಿ ನೆನಪಾದರು.

ನಮ್ಮ ಬೀದಿಯಲ್ಲಿ ಹಾಸಿಗೆ ಹೊಲಿಯುವ ಮನೆ ಅವರದು. ಗಂಡ ಹತ್ತಿ ಹಿಂಜಿದರೆ ಇವರು ಹೊಲಿಗೆ ಹಾಕುವರು. ಹುಬ್ಬಿನಲ್ಲಿ ಸದಾ ಹತ್ತಿಯ ಎಳೆ. ನನ್ನ ಮದುವೆಯ ಹಾಸಿಗೆ ತಂದುಕೊಟ್ಟವರು, 'ಮೆತ್ತಗೆ ಹೊಲಿದೀನಪ್ಪಾ, ಬೆಳಿಗ್ಗೆ ಎದ್ದು ಕೆಲಸಕ್ಕೂ ಹೋಗು' ಎಂದು ಇಡೀ ಬೀದಿಗೆ ಕೇಳುವಂತೆ ಅಂದಿದ್ದರು. ಮಗ ಇಕ್ಬಾಲ್ ಗಲ್ಫಿನ ದಮ್ಮಾಮ್‌ನಲ್ಲಿ ಡ್ರೈವರ್. ಮಗಳು ಮುಮ್ತಾಜ್‌ಳನ್ನು ಸೊರಬಕ್ಕೆ ಕೊಟ್ಟಿದ್ದರು.

ಸಾವಿನ ಸುದ್ದಿಯನ್ನು ದೂರದವರಿಗೆ ಮೊದಲು ಮುಟ್ಟಿಸುವುದು ನಮ್ಮ ಕಡೆಯ ರೂಢಿ. ಜೈಬುನ್‌ಬಿ ತೀರಿಕೊಂಡ ಸಂಜೆ ಎಲ್ಲರ ಬಾಯಲ್ಲೂ ಇಕ್ಬಾಲನ ವಿಮಾನವೇ. ಹತ್ತಿದನಂತೆ, ಇಳಿದನಂತೆ, ಜನ್ಮದಲ್ಲಿ ವಿಮಾನ ಏರದವರೆಲ್ಲ ಪೈಲಟ್‌ಗಳಾಗಿದ್ದರು. ಮುಮ್ತಾಜ್ ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ ಅವಳ ಚಿಕ್ಕಪ್ಪ, 'ಸೊರಬ ಏನ್ ಪರದೇಶವೇನ್ರೀ? ಇಲ್ಲೇ ಐತಲ್ಲ, ಬರ್ತಾಳೆ' ಎಂದರು. ಹತ್ತಿರದವಳಿಗೆ ಬೇರೆ ಯಾರಾದರೂ ಹೇಳಿರುತ್ತಾರೆಂದು ಒಬ್ಬೊಬ್ಬರೂ ಅಂದುಕೊಂಡರು. ಹೇಳಿದವರು ಯಾರೂ ಇರಲಿಲ್ಲ.

ಮರುದಿನ ಇಕ್ಬಾಲ್ ಬಂದ, ತಾಯಿಯ ಮುಖ ನೋಡಿದ. ಇಷ್ಟು ಕಾಯಿಸಿದ್ದೇ ಹೆಚ್ಚೆಂದು ಹಿರಿಯರು ಅವಸರದಲ್ಲಿ ಹೊತ್ತು ನಡೆದರು. ಮಣ್ಣು ಹಾಕಿ ನಾವು ಮನೆಗೆ ಮರಳುವಾಗ ಮುಮ್ತಾಜ್ ಬಸ್ಸಿಳಿದು ಓಡಿಬರುತ್ತಿದ್ದಳು. ಸೊರಬದ ಸಂತೆಯಲ್ಲಿ ಪರಿಚಯದ ಬಳೆಯವಳು, 'ಇನ್ನೂ ಹೋಗಿಲ್ವೇನೇ?' ಎಂದಾಗಲೇ ಅವಳಿಗೆ ತಾಯಿ ಸತ್ತದ್ದು ತಿಳಿದದ್ದು. ಅವರ ಮನೆಯ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ; ಮುಖ ನೋಡುವುದಿದ್ದರೆ ಮನೆಯಲ್ಲೇ. ಮನೆಯಲ್ಲಿ ತೊಳೆದ ನೆಲ ಇನ್ನೂ ಒಣಗಿರಲಿಲ್ಲ.

ಅವಳು ಅಳಲಿಲ್ಲ. ನನ್ನನ್ನು ನೋಡಿ, 'ಮಾಮಾ, ಇಕ್ಬಾಲ್ ಎಲ್ಲಿಂದ ಬಂದ?' ಎಂದಳು.

'ದಮ್ಮಾಮ್‌ನಿಂದಮ್ಮಾ.'

'ನಾನು ಸೊರಬದಿಂದ' ಎಂದಳು.

ಚಿಕ್ಕಪ್ಪ ಕಾಲಲ್ಲೇ ಇದ್ದ ಚಪ್ಪಲಿಯನ್ನು ಹುಡುಕುತ್ತ ಹೊರಗೆ ಹೋದರು.

ಮೊಬೈಲು ಇನ್ನೂ ಕೈಯಲ್ಲೇ ಇತ್ತು. ಅಡುಗೆಮನೆಯಿಂದ ಹೆಂಡತಿ, 'ಮೊದಲು ಜಮ್ಮುಗೆ ಫೋನ್ ಮಾಡ್ರೀ. ಉಳವಿಯಲ್ಲಿರೋ ನಿಮ್ಮ ತಮ್ಮನಿಗೆ ನಾಳೆ ಹೇಳಿದರಾಯ್ತು, ಇಲ್ಲೇ ಸೊರಬದ ಹತ್ರ ತಾನೇ' ಎಂದಳು. ಒಳಗೆ ಅಕ್ಕ ಬಾಗಿಲ ಕಡೆಗೇ ಮುಖಮಾಡಿ ಮಲಗಿದ್ದಳು. ನಾನು ಉಳವಿಯ ನಂಬರು ಒತ್ತಿ ಅಕ್ಕನ ವಿಷಯ ಹೇಳಿದೆ.

'ಗದ್ದೇಲಿದೀನಣ್ಣಾ. ನಾಟಿ ಮುಗಿಸ್ಕಂಡು ನಾಳಿದ್ದು ಬರ್ತೀನಿ. ಹತ್ರ ತಾನೇ?'

'ಹತ್ರ ಅಂತಾನೇ ನಿಂಗೆ ಮೊದಲು ಹೇಳ್ತಿರೋದು ಕಣೋ. ಕಾಲು ತೊಳಿಯೋಕೂ ನಿಲ್ಲಬೇಡ, ಕೆಸರು ಬಸ್ಸಲ್ಲೇ ಒಣಗುತ್ತೆ.'