ತೂತು ಎತ್ತ ವಾಲಿದೆ? ಅಳತೆ ಅಕ್ಕನನ್ನು ಕೇಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಮೂಲೆಯ ಗಾಜಿನ ಕೋಣೆಯಲ್ಲಿ, ಸ್ವೆಟರಿನ ತೋಳು ಮೇಲೇರಿಸಿಕೊಂಡು, ಅಳತೆ ಅಕ್ಕ ಅಂಗೈಯಗಲದ ಪಂಪಿನ ಕವಚವೊಂದನ್ನು ಬಟ್ಟೆಯಿಂದ ಒರೆಸುತ್ತಿದ್ದಾರೆ. ಒರೆಸಿದ್ದನ್ನೇ ಮತ್ತೆ ಒರೆಸಿ ಕಪ್ಪು ಗ್ರಾನೈಟ್ ಮೇಜಿನ ಮೇಲೆ ಕೂರಿಸುತ್ತಾರೆ. ಅಳೆಯುವ ಯಂತ್ರದ ತೋಳು ಕೆಳಗಿಳಿಯುತ್ತದೆ. ಅದರ ತುದಿಯ ಪುಟ್ಟ ಕೆಂಪು ಮಣಿ ಒಂದೊಂದು ತೂತಿನ ಗೋಡೆಯನ್ನೂ ಮೇಲೊಮ್ಮೆ, ನಡುವೊಮ್ಮೆ, ತಳದಲ್ಲೊಮ್ಮೆ ಮುಟ್ಟಿ ಬರುತ್ತದೆ. ಪರದೆಯ ಅಂಕಿಗಳು ಕೆಂಪಾಗುತ್ತವೆ, ಅಕ್ಕನ ಮುಖ ಸಪ್ಪಗಾಗುತ್ತದೆ. ಏಕೆಂದರೆ ಈ ಕವಚ ಕೊರೆದದ್ದು ಬೇರೆ ಯಾರೂ ಅಲ್ಲ, ರಾತ್ರಿ ಪಾಳಿಯಲ್ಲಿರುವ ಅವರ ಮನೆ ಯಜಮಾನರೇ.

ಅದೂ ಇವತ್ತೇ ಹೀಗಾಗಬೇಕೇ? ಕಾರ್ಖಾನೆಗೆ ತೂತು ಕೊರೆಯುವ ಹೊಸ ಮೆಷಿನ್ ಬಂದಿದೆ. ಹಳೆಯದರ ಮುಂದೆ ನಿಂತೇ ಕೂದಲು ನರೆಸಿಕೊಂಡ ಯಜಮಾನರಿಗೆ ಅದರ ಮೇಲೆ ಬಹಳ ಆಸೆ. ಹಗಲು ಪಾಳಿ ಶುರುವಾಗುವ ಮುನ್ನ ಒಂದು ಕವಚ ಸರಿಯಾಗಿ ಕೊರೆದುಕೊಟ್ಟರೆ ಮೆಷಿನ್ ಅವರಿಗೆ, ಇಲ್ಲದಿದ್ದರೆ ಇನ್ನೊಬ್ಬರಿಗೆ ಎಂದು ಸೂಪರ್‌ವೈಸರ್ ಹೇಳಿದ್ದಾರೆ.

ನಕ್ಷೆ ಹೇಳಿದ ಜಾಗದಲ್ಲೇ ತೂತು ಇರಬೇಕು. ಕೂದಲೆಳೆಯಷ್ಟು ಅತ್ತಿತ್ತಾದರೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ಇಲ್ಲ. ಉದ್ದ ಅಗಲದಲ್ಲಿ ಸರಿಯಿದ್ದರೂ ಸಾಲದು, ಆಳದಲ್ಲೂ ನೆಟ್ಟಗಿರಬೇಕು. "ಮೇಲಿಂದ ನೋಡಿದ್ರೆ ಲಕ್ಷಣವಾಗೇ ಕೂತಿರುತ್ತೆ. ಒಳಗಿಳಿದಾಗಲೇ ಅದರ ಬಂಡವಾಳ ಬಯಲಾಗೋದು," ಎನ್ನುತ್ತಾರೆ ಅಕ್ಕ.

ದಿನಕ್ಕೆ ನಲವತ್ತು ಕವಚ, ಒಂದೊಂದರಲ್ಲಿ ಆರಾರು ತೂತು. ಅಕ್ಕ ಇಲ್ಲಿಗೆ ಸೇರಿದ್ದು ನೆಲದ ಮೇಲಿನ ಲೋಹದ ಚೂರು ಗುಡಿಸಲು. ಊಟದ ಬಿಡುವಿನಲ್ಲಿ ಅವರಿವರನ್ನು ಕಾಡಿ ಬೇಡಿ ನಕ್ಷೆ ಓದಲು ಕಲಿತರು. ಈ ಚಳಿ ಕೋಣೆಯಲ್ಲಿ ದಿನವಿಡೀ ನಿಂತು ಮೊಣಕಾಲು ಮಾತ್ರ ಕೈಕೊಟ್ಟಿದೆ. "ನಮ್ಮತ್ತೆ ಇವತ್ತಿಗೂ ನಂಬಲ್ಲ. ತೂತು ನೋಡೋಕೂ ಸಂಬಳ ಕೊಡ್ತಾರೇನೇ ಅಂತಾರೆ," ಎಂದು ನಗುತ್ತಾರೆ.

ಸೂಪರ್‌ವೈಸರ್ ಬಾಗಿಲಲ್ಲಿ ಇಣುಕುತ್ತಾರೆ. "ಇನ್ನೊಂದು ಕೂದಲೆಳೆ ಹೆಚ್ಚು, ಅಷ್ಟೇ ತಾನೇ ಅಕ್ಕ? ನಿಮ್ಮೆಜಮಾನ್ರ ವಿಷಯ. ಯಾರ ಕಣ್ಣಿಗೆ ಬೀಳುತ್ತೆ?"

"ಬೋಲ್ಟಿಗೆ ಬೀಳುತ್ತೆ ಸಾರ್," ಎಂದು ಅಕ್ಕ ಕವಚಕ್ಕೆ ಕೆಂಪು ಚೀಟಿ ಅಂಟಿಸುತ್ತಾರೆ. ಚೀಟಿ ಅಂಟಿಸಿದ ಬೆರಳು ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ.

ಗಾಜಿನಾಚೆ ನಿಂತಿದ್ದ ಯಜಮಾನರು ಒಳಬರುತ್ತಾರೆ. "ಇನ್ನೊಂದ್ಸಲ ನೋಡೇ."

"ಮೂರು ಸಲ ನೋಡಿದ್ದಾಯ್ತು ರೀ. ಇಲ್ಲಿ ಕೇಳಿ. ಆರಕ್ಕಾರೂ ಕೆಳಗೆ ಹೋಗ್ತಾ ಎಡಕ್ಕೇ ವಾಲಿವೆ. ಒಂದೆರಡಾಗಿದ್ರೆ ಬೇರೆ ಮಾತು. ಕವಚ ಬಲಗಡೆ ಎದ್ದು ಕೂತಿತ್ತು ಅಂತ ಕಾಣುತ್ತೆ. ಅಡಿಯಲ್ಲಿ ಏನಾದ್ರೂ ಸಿಕ್ಕಿಕೊಂಡಿದೆಯಾ ನೋಡಿ."

ಯಜಮಾನರು ತಮ್ಮ ಹಳೆಯ ಮೆಷಿನ್ನಿನತ್ತ ಹೋಗುತ್ತಾರೆ. ಕವಚ ಕೂರಿಸುವ ಜಾಗದ ಬಲಮೂಲೆಯನ್ನು ಬೆರಳಲ್ಲಿ ತಡಕಿದರೆ, ಉಗುರಿನ ಚೂರಿನಷ್ಟು ಲೋಹ. ಒರೆಸಿ, ಊದಿ, ಇನ್ನೊಂದು ಕವಚ ಕೊರೆದು ತರುತ್ತಾರೆ. ಬಿಸಿ ಆರುವವರೆಗೆ ಅಕ್ಕ ಅದನ್ನು ಮುಟ್ಟುವುದೇ ಇಲ್ಲ, ಬಿಸಿ ಲೋಹ ಹಿಗ್ಗಿ ಸುಳ್ಳು ಹೇಳುತ್ತದೆ. ಅಷ್ಟರಲ್ಲಿ ಹಗಲು ಪಾಳಿಯವರೂ ಬಂದು ಸೇರುತ್ತಾರೆ. ಎಲ್ಲರ ಎದುರಿಗೇ ಮಣಿ ಇಳಿಯುತ್ತದೆ. ಒಂದು ತೂತು, ಎರಡು, ಮೂರು. ಆರೂ ಹಸಿರು.

ಹೊತ್ತು ಮೀರಿದೆ. ಆದರೂ ಸೂಪರ್‌ವೈಸರ್ ಹೊಸ ಮೆಷಿನ್ನಿನ ಕೀಲಿಯನ್ನು ಯಜಮಾನರ ಕೈಗೇ ಇಡುತ್ತಾರೆ. "ತಪ್ಪು ಹುಡುಕಿ ತಿದ್ದಿದವರಿಗೇ ಇರಲಿ," ಎನ್ನುತ್ತಾರೆ. ಹಗಲು ಪಾಳಿಯವರೂ ಹೌದೆಂದು ತಲೆಯಾಡಿಸುತ್ತಾರೆ. ನಿದ್ದೆಗೆಟ್ಟ ಕಣ್ಣಲ್ಲೇ ಯಜಮಾನರು ಹೆಂಡತಿಯತ್ತ ನೋಡಿ ನಗುತ್ತಾರೆ.

ಮೊದಲನೆಯದಕ್ಕೆ ಕೆಂಪು ಚೀಟಿ ಅಂಟಿಸುವಾಗ ಸಂಕಟವಾಗಲಿಲ್ಲವೇ ಎಂದರೆ ಅಕ್ಕ ಮುಚ್ಚುಮರೆ ಮಾಡುವುದಿಲ್ಲ. "ಆಯ್ತು. ಆಗದೇ ಇರುತ್ತಾ?" ಎನ್ನುತ್ತಾ ಮುಂದಿನ ಕವಚಕ್ಕೆ ಕೈಹಾಕುತ್ತಾರೆ. "ಆದ್ರೆ ಇನ್ಮೇಲೆ ಯಾರೂ ಇದು ಹೆಂಡ್ತಿ ಕೊಡಿಸಿದ ಮೆಷಿನ್ನು ಅನ್ನೋ ಹಾಗಿಲ್ಲ ನೋಡಿ."