ಟೈಲರಮ್ಮನ ಸ್ಪ್ಯಾನಿಶ್ ಪಾಠ

ಊರಿನವರ ಮೈಯಳತೆಯೆಲ್ಲ ಬಾಯಿಪಾಠವಾಗಿದ್ದ ಟೈಲರಮ್ಮನಿಗೆ ಸ್ವಂತ ಬೀಗಿತ್ತಿಯ ಮುಂದೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಹಡಗಿನಲ್ಲಿ ಅಡುಗೆ ಮಾಡುವ ಮಗ ದೂರದ ಬಂದರಿನ ಹುಡುಗಿಯನ್ನು ಮದುವೆಯಾಗಿ ಕರೆತಂದಿದ್ದ. ಸೊಸೆಯೇನೋ ಎರಡು ವರ್ಷದಲ್ಲಿ ಅತ್ತೆಯೊಡನೆ ಜಗಳವಾಡುವಷ್ಟು ಕನ್ನಡ ಕಲಿತಳು. ಅವಳ ತಾಯಿಗೆ ಬರುವುದು ಸ್ಪ್ಯಾನಿಶ್ ಒಂದೇ. ಫೋನಿನಲ್ಲಿ ಮುಖ ಕಂಡಾಗ ಬೀಗಿತ್ತಿಯರಿಬ್ಬರೂ ಹಲ್ಲು ಕಿರಿದು ತಲೆಯಾಡಿಸುವುದು, ಅಷ್ಟೇ.

ಬೀಗಿತ್ತಿಯ ತೊಂಬತ್ತು ವರ್ಷದ ತಂದೆಗೆ ಕಣ್ಣಿನ ಪೊರೆ ತೆಗೆದರೆಂಬ ಸುದ್ದಿ ಬಂದಾಗ ಟೈಲರಮ್ಮ ಕತ್ತರಿ ಕೆಳಗಿಟ್ಟಳು.

“ಈ ಸಲ ನಾನೇ ವಿಚಾರಿಸ್ತೀನಿ. ‘ನಿಮ್ಮ ಅಪ್ಪ ಹೇಗಿದ್ದಾರೆ’ ಅನ್ನೋದನ್ನ ಕಲಿಸು.”

ಸೊಸೆ ಚಪ್ಪಾಳೆ ತಟ್ಟುತ್ತಾ ಮಾತನ್ನು ಬಿಡಿಸಿಕೊಟ್ಟಳು: ಕೋ-ಮೋ ಎಸ್-ತಾ ಸು ಪಾ-ಪಾ.

“ಎ-ಸ್ತಾ ಅಲ್ವೇನೇ? ಒತ್ತಕ್ಷರ ಯಾರಾದ್ರೂ ಕೀಳ್ತಾರಾ?”

“ನಾವು ಕೀಳ್ತೀವಿ ಅತ್ತೆ. ‘ಸ’ ಹಿಂದಿನದಕ್ಕೆ, ‘ತ’ ಮುಂದಿನದಕ್ಕೆ.”

ಟೈಲರಮ್ಮ ಗೊಣಗುತ್ತಲೇ ಅಳತೆ ಪುಸ್ತಕದಲ್ಲಿ ಬರೆದುಕೊಂಡಳು. ಸೊಸೆ ಕೆಲವು ಅಕ್ಷರಗಳ ತಲೆಯ ಮೇಲೆ ಪೆನ್ಸಿಲ್ಲಿನಿಂದ ಓರೆಗೆರೆ ಎಳೆದಳು. ಅದೇನೆಂದು ಹೇಳುವಷ್ಟರಲ್ಲಿ ಹಾಲು ಉಕ್ಕಿತು, ಒಳಗೆ ಓಡಿದಳು.

ಭಾನುವಾರ ಕರೆ ಬಂತು. ಟೈಲರಮ್ಮ ಗಂಟಲು ಸರಿಮಾಡಿಕೊಂಡು, ತೊಡೆ ತಟ್ಟಿಕೊಳ್ಳುತ್ತಾ ಕೇಳಿಯೇಬಿಟ್ಟಳು. ಕನ್ನಡದ ನಾಲಿಗೆ, ದನಿಯ ಒತ್ತು ಮೊದಲ ‘ಪಾ’ ಮೇಲೆ ಬಿತ್ತು.

ಬೀಗಿತ್ತಿ ಹುಬ್ಬೇರಿಸಿ, ಅಡುಗೆಮನೆಗೆ ಹೋಗಿ ನೋಡಿ ಬಂದು, ಏನೋ ಅಂದಳು.

“ಏನಂತೆ?”

ಸೊಸೆ ಸೆರಗಿಲ್ಲದ್ದಕ್ಕೆ ಅಂಗಿಯ ತೋಳನ್ನೇ ಬಾಯಿಗೆ ಒತ್ತಿ ನಗು ತಡೆದಳು. “ಇನ್ನೂ ಬೆಂದಿಲ್ವಂತೆ. ಹತ್ತು ನಿಮಿಷ ಬೇಕಂತೆ.”

“ಅಯ್ಯೋ! ಬರೀ ಕಣ್ಣಿನ ಆಪರೇಷನ್ ಅಂದ್ರಲ್ಲೇ!”

“ಒತ್ತು ಕೊನೇಲಿ ಬಿದ್ರೆ ಅಪ್ಪ, ಮೊದಲು ಬಿದ್ರೆ ಆಲೂಗಡ್ಡೆ ಅತ್ತೆ! ಅದಕ್ಕೇ ಗೆರೆ ಹಾಕಿದ್ದೆ.”

“ಅದಾ? ಗಲೀಜು ಅಂತ ಉಜ್ಜಿಬಿಟ್ಟೆ ಕಣೇ!”

ಅಷ್ಟರಲ್ಲಿ ಆ ಅಜ್ಜನೇ ಕಪ್ಪು ಕನ್ನಡಕದಲ್ಲಿ ಬಂದು ಕೂತ. ಕಿವಿ ಚುರುಕಾಗಿತ್ತು, ನಕ್ಕು ನಕ್ಕು ಕುರ್ಚಿ ಅಲುಗುತ್ತಿತ್ತು. ತನಗೂ ಒಂದು ಕನ್ನಡ ಮಾತು ಬೇಕೆಂದ. ಸೊಸೆ ‘ಹೊಲಿಗೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹಿಡಿದಳು. ಅಜ್ಜ ಕನ್ನಡಕ ಎತ್ತಿ, ಹೊಸ ಕಣ್ಣಿನ ಜಂಬದಲ್ಲಿ, ಅವರ ಭಾಷೆಯ ರೀತಿಯಲ್ಲೇ ಮೊದಲ ಎಚ್ ನುಂಗಿ, ‘ಗೆ’ಯನ್ನು ‘ಹೆ’ ಮಾಡಿ ಓದಿದ: “ಒ-ಲಿ-ಹೆ.”

“ಮುಂದಿದ್ದ ‘ಹ’ಕಾರಾನ ಹಿಂದಕ್ಕೆ ಹಾಕಿಬಿಟ್ರಲ್ಲ ಅಜ್ಜ!” ಟೈಲರಮ್ಮನ ನಾಚಿಕೆ ಹಾರಿಹೋಯಿತು. ಸ್ಟೂಲು ಎಳೆದುಕೊಂಡು, ಚಪ್ಪಾಳೆ ತಟ್ಟುತ್ತಾ, ಹನ್ನೊಂದು ಸಲ ಹೇಳಿಸಿದಳು. ಹನ್ನೆರಡನೆಯ ಸಲಕ್ಕೆ ಅಜ್ಜನಿಗೆ ನಿದ್ದೆ ಹತ್ತಿತ್ತು.